ಮಗ್ಗಕ್ಕಿದ್ದ ರಜೆ

ನಮ್ಮ ಮನೆಯಲ್ಲಿ ಮಗ್ಗಕ್ಕೆ ತಿಂಗಳಿಗೊಂದು ರಜೆ ಇತ್ತು, ಅಮ್ಮನಿಗೆ ಇರಲಿಲ್ಲ. ಇಷ್ಟು ವರ್ಷಗಳ ಮೇಲೂ ಈ ಮಾತನ್ನು ನನಗೆ ತಣ್ಣಗೆ ಹೇಳಲು ಬರುವುದಿಲ್ಲ. ಬಾಯಿ ತೆರೆದರೆ ಮೈ ಉರಿಯುತ್ತದೆ.

ಅವಿನಾಶಿಯ ಹತ್ತಿರದ ನೇಕಾರರ ಬೀದಿ ನಮ್ಮದು. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ನಾನು ಹೇಳುತ್ತಿರುವುದು ಮೂವತ್ತರ ದಶಕದ ಮಾತು. ಅಮಾವಾಸ್ಯೆಯ ದಿನ ಬೀದಿಯಲ್ಲಿ ಒಂದು ಮಗ್ಗವೂ ಸದ್ದು ಮಾಡುತ್ತಿರಲಿಲ್ಲ. ಬೆಳಗ್ಗೆ ಅಪ್ಪ ಮಗ್ಗಕ್ಕೆ ವಿಭೂತಿ ಬಳಿದು, ಕುಂಕುಮವಿಟ್ಟು, ಕರ್ಪೂರ ಬೆಳಗಿದನೆಂದರೆ ಮುಗಿಯಿತು, ಮಾರನೆಯ ಬೆಳಗಿನವರೆಗೆ ಅದರಡಿಯ ಕುಳಿಗೆ ಯಾರೂ ಕಾಲಿಳಿಸುವಂತಿಲ್ಲ. ಪಾಪ, ಮಗ್ಗಕ್ಕೆ ಮೈಕೈ ನೋವು! ಗಂಡಸರೆಲ್ಲ ಜಗಲಿಯ ಮೇಲೆ ಎಲೆಅಡಿಕೆ ಮೆಲ್ಲುತ್ತ ಕಾಲು ಚಾಚಿ ಕೂರುತ್ತಿದ್ದರು. ಹೆಂಗಸರು ಮಾತ್ರ ಹಿರಿಯರ ಎಡೆಗೆ ವಡೆ, ಪಾಯಸ ಮಾಡಿ, ಕಾಗೆಗೆ ಅನ್ನವಿಟ್ಟು, ಎಲ್ಲರಿಗೂ ಬಡಿಸಿ, ಪಾತ್ರೆ ತೊಳೆದು, ಮಧ್ಯಾಹ್ನ ರಾಟೆಯ ಮುಂದೆ ಕೂತು ಮರುದಿನಕ್ಕೆ ಕಂಡಿಕೆ ಸುತ್ತಬೇಕಿತ್ತು. ಲಾಳಿಯೊಳಗೆ ಕೂರುವ ನೂಲಿನ ಆ ಕಂಡಿಕೆ ಇಲ್ಲದಿದ್ದರೆ ಒಂದು ಎಳೆಯನ್ನೂ ನೇಯಲಾಗದು. ಆದರೂ ರಾಟೆ ಮಗ್ಗವಲ್ಲವಂತೆ, ಸುತ್ತುವುದು ಕೆಲಸವಲ್ಲವಂತೆ. ಈ ಕಾನೂನು ಮಾಡಿದ ಮಹಾರಾಯ ಯಾರೋ, ಅವನು ಒಂದು ದಿನವೂ ರಾಟೆ ತಿರುಗಿಸಿರಲಿಕ್ಕಿಲ್ಲ.

ಆ ವರ್ಷ ನಾನು ಹತ್ತರ ಹುಡುಗಿ, ಅಮ್ಮ ಬಸುರಿ. ಹಿಂದಿನ ಬಸಿರು ನಿಂತಿರಲಿಲ್ಲ. ಇದಕ್ಕೂ ನಡುವೆ ರಕ್ತ ಕಾಣಿಸಿತು. ಸೂಲಗಿತ್ತಿ ಬಂದು ನೋಡಿ, "ಕಾಲು ಎತ್ತರಕ್ಕಿಟ್ಟು ಮಲಗ್ಬೇಕು ತಾಯಿ. ಓಡಾಡಿದ್ರೆ ಇದೂ ನಿಲ್ಲಲ್ಲ," ಎಂದು ಅಪ್ಪನ ಎದುರಿಗೇ ಹೇಳಿ ಹೋದಳು.

ಅಪ್ಪ ಕೆಟ್ಟವನೇನಲ್ಲ. ಹೆದರಿದ. ಸ್ವಲ್ಪ ಹೊತ್ತು ಯೋಚಿಸಿ, "ಸೆರಿ, ಅಮಾವಾಸ್ಯೆ ಬರ್ತೈತಲ್ಲ, ಅವತ್ತು ಮಲಗು," ಎಂದ.

ಅದೇ ವಾರ ನಮ್ಮ ಮಿಷನ್ ಶಾಲೆಯ ಟೀಚರು ತಮ್ಮ ವೇದವಾದ ಬೈಬಲ್ಲಿನಿಂದ ಸಬ್ಬತ್ತಿನ ಪಾಠ ಮಾಡಿದರು. ಏಳನೆಯ ದಿನ ಯಾರೂ ದುಡಿಯಬಾರದು. ಯಜಮಾನ, ಅವನ ಮಗ, ಮಗಳು, ಆಳು, ಹೆಣ್ಣಾಳು, ಎತ್ತು, ಕತ್ತೆ, ಬಾಗಿಲಿಗೆ ಬಂದ ಪರದೇಶಿ, ಎಲ್ಲರಿಗೂ ವಿರಾಮ. ಏಳನೆಯ ವರ್ಷ ಹೊಲಕ್ಕೂ ವಿರಾಮ. ಬಿತ್ತುವಂತಿಲ್ಲ, ತಾನಾಗಿ ಬೆಳೆದದ್ದನ್ನು ಬಡವರೂ ಪ್ರಾಣಿಗಳೂ ತಿನ್ನಬಹುದು. ಸಂಜೆ ಮನೆಯಲ್ಲಿ ಅದನ್ನು ಹಾಗೇ ಒಪ್ಪಿಸಿದೆ. ಅಪ್ಪನಿಗೆ ಬಹಳ ಹಿಡಿಸಿತು. "ನೋಡಿದ್ಯಾ, ನಮ್ಮೋರು ಮಗ್ಗಕ್ಕೆ ಮಾಡಿದ್ದನ್ನೇ ಅವ್ರು ಹೊಲಕ್ಕೆ ಮಾಡವ್ರೆ," ಎಂದ.

ಅಮ್ಮ ಕಂಡಿಕೆ ಸುತ್ತುತ್ತಲೇ ಕೇಳಿದಳು. "ಎತ್ತು ಬಂತು, ಕತ್ತೆ ಬಂತು. ಹೆಂಡ್ತಿ ಎಲ್ಲಿ?"

ನಾನು ಬೆರಳು ಮಡಿಸಿ ಮತ್ತೆ ಮೊದಲಿನಿಂದ ಹೇಳಿದೆ. ಹೌದಲ್ಲ, ಹೆಂಡತಿ ಇರಲಿಲ್ಲ! ಮರುದಿನ ಟೀಚರನ್ನು ಕೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡು, ಅವಳೂ ಸೇರಿದ್ದಾಳೆಂದು ನಾವೇ ತಿಳಿದುಕೊಳ್ಳಬೇಕು ಎಂದರು. ಅಮ್ಮನಿಗೆ ಹೇಳಿದೆ.

"ತಿಳ್ಕೊಳ್ಳೋರು ಯಾರು?" ಎಂದಳು ಅಮ್ಮ.

ಅಮಾವಾಸ್ಯೆ ಬಂತು. ನಾನು ಅಡುಗೆ ಮಾಡುತ್ತೇನೆಂದರೆ, ಹಿರಿಯರ ಎಡೆಯನ್ನು ಮನೆ ಸೊಸೆಯೇ ಮಾಡಬೇಕು ಎಂದ ಅಪ್ಪ. ಸತ್ತವರಿಗೆ ವಡೆ ಬೇಕಿತ್ತು; ಹುಟ್ಟಬೇಕಾದ್ದರ ಪರವಾಗಿ ಮಾತಾಡಲು ಯಾರೂ ಇರಲಿಲ್ಲ. ಅಮ್ಮ ಸೊಂಟ ಹಿಡಿದುಕೊಂಡು ಉದ್ದು ರುಬ್ಬಿದಳು, ಬೇಯಿಸಿದಳು, ಬಡಿಸಿದಳು. ಊಟವಾದ ಮೇಲೆ ಮಗ್ಗದ ಪಕ್ಕ ಚಾಪೆ ಹಾಸಿ ಇನ್ನೇನು ಮಲಗಬೇಕು, ಅಪ್ಪ ನೂಲಿನ ಬುಟ್ಟಿ ತಂದು ಅವಳ ಮುಂದಿಟ್ಟ.

"ಕೂತ್ಕೊಂಡು ಮಾಡೋದು ತಾನೆ? ಇದೇನು ಕೆಲ್ಸವಾ?"

ಅಮ್ಮ ಎಂದೂ ಎದುರಾಡಿದವಳಲ್ಲ. ಅವತ್ತೂ ಆಡಲಿಲ್ಲ. ಬುಟ್ಟಿಯನ್ನು ಎಳೆದುಕೊಂಡು ಅದನ್ನೇ ಕಾಲಡಿಗೆ ಇಟ್ಟುಕೊಂಡು ಕಾಲು ಮೇಲೆ ಮಾಡಿ ಮಲಗಿಬಿಟ್ಟಳು. ಅಪ್ಪ ಕರೆದ, ಗದರಿದ, ಜಗಲಿಗೆ ಹೋಗಿ ಗೊಣಗಿದ. ನಾನು ರಾಟೆ ಮುಟ್ಟುವಂತಿರಲಿಲ್ಲ. ನಾನು ಸುತ್ತಿದ್ದು ಸಡಿಲ, ಲಾಳಿಯಲ್ಲಿ ಸಿಕ್ಕಿಕೊಳ್ಳುತ್ತದೆಂದು ಅವನೇ ಹಿಂದೆ ಬೈದು ಎಬ್ಬಿಸಿದ್ದ. ದೇವರಾಣೆಗೂ ಅವತ್ತು ಆ ಬೈಗುಳ ನೆನೆದು ನನಗೆ ಖುಷಿಯಾಯಿತು.

ಬೆಳಗಾಯಿತು. ಬೀದಿಯ ಮಗ್ಗಗಳೆಲ್ಲ ಶುರುವಾದವು, ನಮ್ಮದೊಂದು ಸುಮ್ಮನಿತ್ತು. ಒಂದು ಮಗ್ಗ ನಿಂತರೆ ಇಡೀ ಬೀದಿಗೆ ಗೊತ್ತಾಗುತ್ತದೆ. ಎದುರುಮನೆಯ ಹಿರಿಯರು ಇನ್ನಿಬ್ಬರನ್ನು ಕರೆದುಕೊಂಡು ಬಂದೇಬಿಟ್ಟರು.

"ಯಾಕಪ್ಪಾ, ಸದ್ದೇ ಇಲ್ಲ?"

ಹೆಂಡತಿ ಮಲಗಿದ್ದಾಳೆ ಎನ್ನಲು ಅಪ್ಪನಿಗೆ ನಾಚಿಕೆ. "ಮಗ್ಗ ಸೆರಿ ಇಲ್ಲ," ಎಂದ.

ಅಬ್ಬಾ, ಆಗ ನೋಡಬೇಕಿತ್ತು ಅವರ ಕಳವಳ! ಒಬ್ಬರು ಕುಳಿಗಿಳಿದು ತುಳಿಯುವ ಹಲಗೆ ಅಲ್ಲಾಡಿಸಿದರು. ಒಬ್ಬರು ಹಗ್ಗಗಳನ್ನು ಎಳೆದೆಳೆದು ನೋಡಿದರು. ಹಿರಿಯರು ಮರದ ಮೇಲೆಲ್ಲ ಕೈಯಾಡಿಸಿ, "ಎಲ್ಲಿ ನೋವೈತೋ ಕಾಣ್ತಿಲ್ವಲ್ಲಾ," ಎಂದು ಮರುಗಿದರು. ಮೂರು ಮೊಳ ದೂರದಲ್ಲಿ ಬಣ್ಣಗೆಟ್ಟ ಮುಖ ಹೊತ್ತು ಒಬ್ಬ ಬಸುರಿ ಮಲಗಿದ್ದಳಲ್ಲ, ಅವಳ ಕಡೆ ಒಬ್ಬರೂ ತಿರುಗಲಿಲ್ಲ. ನನಗೆ ಕಿರುಚಬೇಕೆನಿಸಿತು.

ಅಮ್ಮನೇ ಮಾತಾಡಿದಳು. "ಮಗ್ಗ ಚೆನ್ನಾಗೇ ಐತೆ ಮಾವ. ಸೆರಿ ಇಲ್ಲದಿರೋದು ನಾನು."

ಅವಳು ಗಂಡಸರ ನಡುವೆ ಬಾಯಿ ಬಿಟ್ಟದ್ದು ಅದೇ ಮೊದಲು. ಹಿರಿಯರು ಅವಳನ್ನು ನೋಡಿದರು, ಅಪ್ಪನನ್ನು ನೋಡಿದರು. ಇನ್ನಾದರೂ "ಏನಾಯ್ತಮ್ಮಾ" ಎನ್ನುತ್ತಾರೆಂದು ನಾನು ಕಾದೆ.

"ಅಂಗಾದ್ರೆ ಇವತ್ತು ಕಂಡಿಕೆ ಯಾರು ಸುತ್ತೋದು?" ಎಂದು ಕೇಳಿದರು.

ಅಮ್ಮ ಗೋಡೆಯ ಕಡೆ ತಿರುಗಿಕೊಂಡಳು. "ರಾಟೆ ಅಲ್ಲೇ ಐತೆ," ಎಂದಳು.

ಅವಳು ಅವತ್ತು ಏಳಲಿಲ್ಲ, ಮಾರನೆಯ ದಿನವೂ ಏಳಲಿಲ್ಲ. ರಕ್ತ ನಿಲ್ಲುವವರೆಗೂ ಮಲಗಿಯೇ ಇದ್ದಳು. ಅಪ್ಪ ರಾಟೆಯ ಮುಂದೆ ಕೂತು ಎಳೆ ಹರಿದುಕೊಂಡು, ಬೆನ್ನು ಹಿಡಿದುಕೊಂಡು, ಶಾಪ ಹಾಕುತ್ತ ಸುತ್ತಿದ.

ಮಗು ಉಳಿಯಿತು. ಅಮಾವಾಸ್ಯೆಯ ಪೂಜೆಯನ್ನು ಒಮ್ಮೆಯೂ ತಪ್ಪಿಸದಿದ್ದುದರ ಫಲ ಎಂದು ಬೀದಿಯೆಲ್ಲ ಹೇಳಿತು. ಅಪ್ಪ ಪೇಟೆಯಿಂದ ದೊಡ್ಡದೊಂದು ಹೂವಿನ ಹಾರ ತಂದ, ಮಗ್ಗಕ್ಕೆ ಹಾಕಿದ.