ಹಳೆಯ ಕೈ ಕೇಳದವಳು

ನಲವತ್ತಾರು ದಾಟಿದ ಹೆಂಗಸೊಬ್ಬಳು ಬೆನ್ನಿಗೆ ಗಿಟಾರ್ ಏರಿಸಿಕೊಂಡು ಮಧುಗಿರಿಯಲ್ಲಿ ಶಿರಾ ಬಸ್ಸು ಹತ್ತಿದರೆ ಏನಾಗುತ್ತದೆ ಎಂದು ತಿಳಿಯಬೇಕಿದ್ದರೆ ನನ್ನನ್ನು ಕೇಳಬೇಕು. ಕಂಡಕ್ಟರ್ ಮೊದಲು ಚೀಲವನ್ನು ನೋಡಿದ, ಆಮೇಲೆ ನನ್ನನ್ನು ನೋಡಿದ. "ಮಗಂದಾ ಅಮ್ಮ?" ಎಂದ. "ನಂದೇ" ಎಂದೆ. "ಹೆಂಗಸ್ರಿಗೇನೋ ಫ್ರೀ, ಇದುಕ್ಕೆ ಲಗೇಜ್ ಹಾಕ್ಬೇಕಾಯ್ತದಲ್ಲ" ಎಂದು ತಲೆ ಕೆರೆದುಕೊಂಡ. ಚೀಲವನ್ನು ತೊಡೆಯ ಮೇಲೆ ಮಲಗಿಸಿಕೊಂಡು, "ಈಗ ಮಗು ಲೆಕ್ಕ, ಹೋಗಪ್ಪ" ಎಂದೆ. ಹಿಂದಿನ ಸೀಟಿನವರು ನಕ್ಕರು. ನಾನು ನಗುವ ಸ್ಥಿತಿಯಲ್ಲಿರಲಿಲ್ಲ, ಚೀಲದ ಮೇಲೆಯೇ ಬೆರಳು ಒತ್ತಿ ಕಾರ್ಡು ಹಿಡಿಯುತ್ತಿದ್ದೆ.

ನಾನು ಮಧುಗಿರಿಯ ಕೋರ್ಟಿನಲ್ಲಿ ಬೆರಳಚ್ಚುಗಾರ್ತಿ. ಹುಟ್ಟಿದ್ದು ಪಾವಗಡ, ಮದುವೆಯಾಗಿ ಈ ಬೆಟ್ಟದ ಕೆಳಗೆ ಬಂದವಳು. ಗಿಟಾರ್ ಕಲಿತದ್ದು ಫೋನಿನ ವಿಡಿಯೊ ನೋಡಿ, ಮಲಗುವ ಕೋಣೆಯ ಬಾಗಿಲು ಹಾಕಿಕೊಂಡು. ಯಜಮಾನರು ಹೊರಗಿನಿಂದ, "ಕುಕ್ಕರ್ ಕೂಗ್ತಾ ಇದೆ, ಕೇಳಿಸ್ತಾ?" ಎನ್ನುವರು. ಅದು ನನ್ನ ಏಕೈಕ ಶ್ರೋತೃವಿನ ವಿಮರ್ಶೆ. ಬೇರೆ ಒಬ್ಬ ಮನುಷ್ಯನ ಜೊತೆ ಕೂತು ನಾನು ಒಂದು ಸಾಲನ್ನೂ ನುಡಿಸಿದವಳಲ್ಲ.

ನನ್ನ ಗುಟ್ಟು ಹಿಡಿದವರು ನಮ್ಮ ಕೋರ್ಟಿನ ಅಮೀನರು. ಊರೂರು ಸುತ್ತಿ ಸಮನ್ಸ್ ಕೊಟ್ಟು ಬರುವುದು ಅವರ ಕೆಲಸ. ಶಿರಾದವರು. ಅಲ್ಲಿಯ ಶಿವನ ಗುಡಿಯ ಭಜನೆಯಲ್ಲಿ ಹಾರ್ಮೋನಿಯಂ ನುಡಿಸುವವರು. ಒಂದು ದಿನ ಕಾಗದ ಕೊಡುವಾಗ ನನ್ನ ಎಡಗೈ ಬೆರಳ ತುದಿಗಳನ್ನು ನೋಡಿ, "ಮೇಡಂ, ಈ ಜಡ್ಡು ಟೈಪ್ ಮಾಡಿ ಬಂದಿದ್ದಲ್ಲ ಬುಡಿ" ಎಂದರು. ಒಪ್ಪಿಕೊಂಡೆ. ಅವರು ಹತ್ತಿರ ಬಂದು, "ಭಾನುವಾರ ಶಿರಾಕ್ಕೆ ಬರ್ತೀರಾ? ನಾವು ಮೂರು ಜನ ಇದೀವಿ, ಸುಮ್ನೆ ಕೂತು ನುಡ್ಸಣ" ಎಂದರು. ನಾನು ಒಳಗೊಳಗೇ ಉಬ್ಬಿದೆ. ನನ್ನ ಕಲೆ ಗೋಡೆ ದಾಟಿ ಕೋರ್ಟಿನವರೆಗೂ ಕೇಳಿಸಿಬಿಟ್ಟಿದೆ ಎಂದುಕೊಂಡೆ.

ಆಮೇಲೆ ಅಮೀನರು ನಿಜ ಹೇಳಿದರು. ಅವರ ಗೆಳೆಯರೊಬ್ಬರು ಶಿರಾದಲ್ಲಿ ಹಾಸಿಗೆ ಅಂಗಡಿ ಇಟ್ಟಿದ್ದಾರೆ. ಎಲ್ಲರೂ ಅವರನ್ನು ಭಾಯ್ ಎನ್ನುತ್ತಾರೆ. ಒಂದು ಕಾಲದಲ್ಲಿ ಆರ್ಕೆಸ್ಟ್ರಾದಲ್ಲಿ ಡೋಲಕ್ ನುಡಿಸುತ್ತ ಮದುವೆ, ಉರುಸು, ಗಣಪತಿ ಪೆಂಡಾಲು ಎಲ್ಲ ಕಡೆ ತಿರುಗಿದವರು. ಹೋದ ವರ್ಷ ಲಕ್ವ ಹೊಡೆದು ಎಡಗೈ ಬಿದ್ದುಹೋಯಿತು. ಈಗ ಚಹಾ ಲೋಟ ಎತ್ತುವಷ್ಟು ಬಂದಿದೆ. ನುಡಿಸಿದರೆ ಕೈಗೆ ಒಳ್ಳೆಯದು ಎಂದು ಡಾಕ್ಟರೇ ಹೇಳಿದ್ದಾರೆ. ಆದರೆ ಭಾಯ್ ಡೋಲಕ್ ಮುಟ್ಟುತ್ತಿಲ್ಲ.

"ಯಾಕೆ?" ಎಂದೆ.

"ನಮ್ ತಪ್ಪು ಮೇಡಂ. ಮೊದ್ಲು ಒಂದೆರಡು ಸಲ ಕೂತ್ರು. ಕೈ ಆಡ್ಲಿಲ್ಲ. ನಾವು ಸೂಪರ್ ಭಾಯ್ ಸೂಪರ್ ಅಂದ್ಬುಟ್ವಿ. 'ನೀವ್ ಡೋಲಕ್ ಕೇಳ್ತಿಲ್ಲ, ನನ್ ಕೈ ನೋಡಿ ಪಾಪ ಅಂತಿದೀರಾ' ಅಂತ ಎದ್ಬುಟ್ರು. ಅವತ್ತಿಂದ ಇಲ್ಲ. ಮನೆಯೋರು ಕಾಡಿ ಬೇಡಿದ್ಮೇಲೆ ಒಂದು ಮಾತು ಅಂದವ್ರೆ. ನನ್ ಹಳೇ ಕೈ ಕೇಳ್ದೇ ಇರೋರು ಯಾರಾನಾ ಬಂದ್ರೆ ಕೂತ್ಕತೀನಿ ಅಂತ. ಶಿರಾದಾಗೆ ಅಂತೋರು ಎಲ್ಲವ್ರೆ ಹೇಳಿ? ನೀವು ಪಾವಗಡದ ಕಡೆಯೋರು, ಅದುಕ್ಕೆ…"

ಅಂದರೆ ನನ್ನನ್ನು ಕರೆದದ್ದು ನನಗೆ ಏನೋ ಗೊತ್ತಿದೆ ಎಂದಲ್ಲ, ಏನೂ ಗೊತ್ತಿಲ್ಲ ಎಂದು! ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಎರಡು ದಿನ ಅಮೀನರ ಜೊತೆ ಕಾಗದದ ಮಾತು ಬಿಟ್ಟು ಬೇರೆ ಮಾತಾಡಲಿಲ್ಲ. ಆದರೆ ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ? ಗಿಟಾರ್ ಹಿಡಿದವಳು ಎಂದಾದರೂ ನಾಲ್ಕು ಜನರ ನಡುವೆ ಕೂರಲೇಬೇಕು. ನನ್ನನ್ನು ಬೇರೆ ಯಾರು ಕರೆಯುತ್ತಿದ್ದರು? ಮೂರನೆಯ ದಿನ ನಾನೇ ಹೋಗಿ, "ಎಷ್ಟು ಗಂಟೆಗೆ ಬರಬೇಕು?" ಎಂದೆ. "ಮಧ್ಯಾಹ್ನದ ನಮಾಜ್ ಮುಗುದ್ಮೇಲೆ ಶುರು, ಸಾಯಂಕಾಲದ ನಮಾಜಿಗೆ ಮೊದ್ಲು ಬಂದ್" ಎಂದರು. ಹೋಗುವಾಗ ಮತ್ತೆ ತಿರುಗಿ, "ಸೂಪರ್ ಅನ್ಬೇಡಿ ಮೇಡಂ, ಕೈ ಮುಗಿತೀನಿ. ಈ ಸಲ ಎದ್ರೆ ಇನ್ಯಾವತ್ತೂ ಮುಟ್ಟಲ್ಲ" ಎಂದರು.

ಅಂಗಡಿಯ ಹಿಂದೆ ಹತ್ತಿ ತುಂಬುವ ಕೋಣೆ. ಹೊಲಿದ ಹಾಸಿಗೆಗಳನ್ನು ಸೂರಿನವರೆಗೆ ಪೇರಿಸಿದ್ದರು. ಕೆಳಗೂ ಹಾಸಿಗೆ, ಒರಗಲೂ ಹಾಸಿಗೆ. ಇಷ್ಟು ಸುಖವಾದ ಜಾಗದಲ್ಲಿ ನಿದ್ದೆ ಬಿಟ್ಟು ಬೇರೇನಾದರೂ ಮಾಡಬಹುದು ಎಂದು ಯಾರಿಗೆ ತೋಚಿತೋ. ಮಾತಾಡಿದರೆ ಮಾತು ಬಾಯಿಂದ ಹೊರಟು ಅಲ್ಲೇ ಬೀಳುತ್ತಿತ್ತು, ಚೂರೂ ಮೊಳಗುತ್ತಿರಲಿಲ್ಲ. ನನ್ನ ಮಲಗುವ ಕೋಣೆಯ ಗೋಡೆಗಳು ಇಷ್ಟು ದಿನ ನನ್ನ ತಪ್ಪುಗಳನ್ನು ಎಷ್ಟು ಮುಚ್ಚಿಟ್ಟಿದ್ದವು ಎಂಬುದು ಮೊದಲ ತಂತಿ ಮೀಟಿದಾಗಲೇ ತಿಳಿಯಿತು.

ಭಾಯ್ ಗೋಡೆ ಬದಿಗೆ ಕೂತಿದ್ದರು. ಬಿಳಿ ಗಡ್ಡ, ಇಸ್ತ್ರಿ ಮಾಡಿದ ಜುಬ್ಬ, ತೊಡೆಯ ಮೇಲೆ ಮಡಿಸಿಟ್ಟ ಎಡಗೈ. ಪಕ್ಕದಲ್ಲಿ ಅವರ ಹೆಂಡತಿಯ ತಮ್ಮ. ಅವರ ಮುಂದೆ ಒತ್ತುಗುಂಡಿಗಳ ಸಾಲಿದ್ದ ತಂತಿವಾದ್ಯ, ಅದನ್ನು ನಮ್ಮ ಕಡೆ ಬ್ಯಾಂಜೊ ಎನ್ನುತ್ತಾರೆ. ಒಳಮನೆಗೆ ಹೋಗುವ ಬಾಗಿಲಿಗೆ ಪರದೆ, ಅದರ ಆಚೆ ಭಾಯ್ ಹೆಂಡತಿ, ಭಾಬಿ. ಒಳಗಿಂದಲೇ "ಬನ್ನಿ ಬನ್ನಿ" ಎಂದು ಅವರು ಕೂಗಿದ್ದರಲ್ಲಿ, ಎಷ್ಟೋ ದಿನದಿಂದ ಕಾದವರ ಆತುರವಿತ್ತು.

"ಯಾವ ಶ್ರುತಿ ಮೇಡಂ? ನಮ್ದು ಕಪ್ಪು ಎರಡು" ಎಂದರು ಅಮೀನರು. ಹಾರ್ಮೋನಿಯಮ್ಮಿನ ಎರಡನೆಯ ಕರಿಮನೆ. ನಾನು ಗಿಟಾರಿನ ಮೊದಲ ಮನೆಗೆ ತಂತಿಗಳನ್ನೆಲ್ಲ ಒತ್ತಿಹಿಡಿಯುವ ಕ್ಲಿಪ್ಪು ಹಾಕಿ, ನನಗೆ ಬರುವ ಡಿ ಕಾರ್ಡ್ ಹಿಡಿದೆ. ಅವರ ಸ್ವರಕ್ಕೆ ಸರಿಯಾಗಿ ಕೂತಿತು. ಅಷ್ಟಕ್ಕೇ ನನಗೆ ಬೆವರು.

ಶುರುವಾಯಿತು. ಅಮೀನರು ಭಜನೆಯ ಒಂದು ಸರಳ ಧಾಟಿ ಹಿಡಿದರು, ಬ್ಯಾಂಜೊ ಅದನ್ನೇ ಹಿಂಬಾಲಿಸಿತು. ಭಾಯ್ ಬಲಗೈಯಿಂದ ಮಾತ್ರ ಮೆಲ್ಲಗೆ ತಟ್ಟತೊಡಗಿದರು. ಎರಡನೆಯ ಸಾಲಿನಲ್ಲಿ ನನ್ನ ಬೆರಳು ತಪ್ಪಿತು. ತಕ್ಷಣ ನಿಲ್ಲಿಸಿ, "ಸಾರಿ, ಮೊದಲಿಂದ" ಎಂದೆ. ಎಲ್ಲರೂ ನಿಲ್ಲಿಸಿದರು. ಮತ್ತೆ ಶುರು. ಮತ್ತೆ ಅದೇ ಜಾಗ, ಮತ್ತೆ "ಸಾರಿ." ಟೈಪು ಮಾಡಿ ಮಾಡಿ ಬಂದ ಚಾಳಿ ಇದು. ಒಂದು ಅಕ್ಷರ ತಪ್ಪಾದರೂ ಹಿಂದಕ್ಕೆ ಹೋಗಿ ಅಳಿಸಿ ಸರಿಮಾಡದೆ ನನ್ನ ಬೆರಳು ಮುಂದಕ್ಕೆ ಹೋಗುವುದಿಲ್ಲ. ಕೋಣೆಯಲ್ಲಿ ಒಬ್ಬಳೇ ಕೂತು ಹಾಗೆಯೇ ಕಲಿತವಳು. ನಾಲ್ಕನೆಯದೋ ಐದನೆಯದೋ ಸಾರಿಗೆ ಬ್ಯಾಂಜೊದವರು ನನ್ನನ್ನು ನೋಡಿದ ನೋಟಕ್ಕೆ ಹತ್ತಿಯೊಳಗೆ ಹೂತುಕೊಳ್ಳೋಣ ಅನಿಸಿತು.

ಅಮೀನರು ತಿದಿ ಒತ್ತುವುದನ್ನು ಬಿಟ್ಟು, "ಮೇಡಂ, ಬಸ್ ತಪ್ಪೋದ್ರೆ ಬಸ್ಸನ್ನ ವಾಪಸ್ ಕರೀತೀರಾ? ಅದು ಹೋಯ್ತಾ ಇರ್ಲಿ ಬುಡಿ. ಮುಂದಿನ ಸ್ಟಾಪಲ್ಲಿ ಹತ್ಕಳಿ" ಎಂದರು.

ಭಾಯ್ ಗೊಳ್ಳೆಂದು ನಕ್ಕರು. ಬಂದಾಗಿನಿಂದ ಅವರ ಮುಖದಲ್ಲಿ ಕಂಡ ಮೊದಲ ನಗು. "ಬಿಡಪ್ಪ, ಪಾಪ, ಹೊಸಬರು" ಎಂದರು. ಪಾಪ ಎನ್ನಿಸಿಕೊಳ್ಳುವುದು ನನಗೆ ಆಗದ ಮಾತು, ಆದರೆ ಅವತ್ತು ಅದು ನನ್ನ ಪಾಲಿಗೆ ಬಂದದ್ದು ಒಳ್ಳೆಯದೇ ಆಯಿತು. ಆ ಕೋಣೆಯಲ್ಲಿ ಪಾಪದವಳು ನಾನಾಗಿದ್ದರಿಂದ ಭಾಯ್ ಪಾಪದವರಾಗಬೇಕಾಗಲಿಲ್ಲ. ಮುಂದಿನ ಸುತ್ತಿಗೆ ಅವರ ಎಡಗೈ ತೊಡೆಯಿಂದ ಎದ್ದು ಡೋಲಕ್ಕಿನ ದಪ್ಪ ಮುಖದ ಮೇಲೆ ಬಂದು ಕೂತಿತು. ಯಾರೂ ನೋಡಲಿಲ್ಲ. ನೋಡದೇ ಇರಲು ಅಮೀನರು ಪಟ್ಟ ಪಾಡು ನೋಡಬೇಕಿತ್ತು, ಸೂರಿನ ತೀರುಗಳನ್ನು ಎಣಿಸುತ್ತಿದ್ದರು.

ಆ ಸುತ್ತಿನಲ್ಲಿ ಬೆರಳು ತಪ್ಪಿದಾಗ ನಾನು ಬಾಯಿ ಮುಚ್ಚಿಕೊಂಡೆ. ಕೈ ಎತ್ತಿ ಸುಮ್ಮನೆ ಕೇಳಿದೆ. ಹಾಡು ನಾನಿಲ್ಲದೆ ಹೋಗುತ್ತಲೇ ಇತ್ತು. ಸಾಲು ತಿರುಗಿ ಮೊದಲಿಗೆ ಬಂದಾಗ ಡಿ ಹಿಡಿದು ಒಳಗೆ ಸೇರಿಕೊಂಡೆ. ಸೇರಿಕೊಂಡುಬಿಟ್ಟೆ! ನನ್ನ ತಂತಿಯ ಸದ್ದು ಹಾರ್ಮೋನಿಯಂ ಒಳಗೆ ಹೋಗಿ, ಡೋಲಕ್ಕಿನ ಮೇಲೆ ಕೂತು, ಯಾವುದು ನನ್ನದು ಯಾವುದು ಅವರದು ಎಂದು ತಿಳಿಯದ ಹಾಗಾಯಿತು. ಇಷ್ಟು ವರ್ಷ ನಾನು ನುಡಿಸಿದ್ದೆಲ್ಲ ಅರ್ಧ ಮಾತಾಗಿತ್ತು, ಈಗ ಯಾರೋ ಉತ್ತರ ಕೊಡುತ್ತಿದ್ದರು. ಅಷ್ಟು ಸಂತೋಷ ನನಗೆ ತೀರಾ ಅಪರೂಪಕ್ಕೆ ಆಗಿದೆ.

ಆಗಲೇ ಅದು ಕೇಳಿಸಿತು. ಭಾಯ್ ಎಡ ಅಂಗೈಯ ಬುಡವನ್ನು ಚರ್ಮಕ್ಕೆ ಒತ್ತಿ ಮುಂದಕ್ಕೆ ಜಾರಿಸಿದರು. ಗುಂಯ್ ಎಂದು ಒಂದು ದನಿ ಕೆಳಗಿನಿಂದ ಎದ್ದು ಮೇಲೆ ಹೋಗಿ ಮುರಿಯಿತು. ಮಂದವಾಗಿತ್ತು, ತಡವಾಗಿತ್ತು. ಆದರೆ ಆ ಗುಂಯ್ ನನಗೆ ಗೊತ್ತಿತ್ತು.

ಪಾವಗಡದಲ್ಲಿ ನಮ್ಮ ಅಕ್ಕನ ಮದುವೆ. ಆರತಕ್ಷತೆಗೆ ಶಿರಾದ ಆರ್ಕೆಸ್ಟ್ರಾ ಕರೆಸಿದ್ದರು. ನಮ್ಮ ಅಜ್ಜಿಗೆ ಹಾಡು ಎಂದರೆ ತಲೆನೋವು, ಕಿವಿಗೆ ಸೆರಗು ಸುತ್ತಿಕೊಂಡು ಮೂಲೆಯಲ್ಲಿ ಕೂತಿದ್ದಳು. ನಡುವೆ ಸೆರಗು ತೆಗೆದು, ತನ್ನ ಬೆರಕೆ ತೆಲುಗಿನಲ್ಲಿ, "ಎವರೇ ಆ ಡೋಲಕ್ ಆಯಪ್ಪ? ಅನ್ನಂ ತಿನ್ನಾಡಾ ಲೇದಾ ಕೇಳೇ" ಎಂದಳು. ಡೋಲಕ್ಕಿನವನು ಉಂಡನೋ ಇಲ್ಲವೋ ಎಂಬ ಚಿಂತೆ ಹತ್ತಿತ್ತು ಅವಳಿಗೆ. ಅವಳಿಗೆ ಯಾರಾದರೂ ಇಷ್ಟವಾದರೆ ಅವರ ಊಟದ ಚಿಂತೆ ಶುರುವಾಗುತ್ತಿತ್ತು. ತಟ್ಟೆಯಲ್ಲಿ ಒಬ್ಬಟ್ಟು ಹಾಕಿ ನನ್ನನ್ನೇ ವೇದಿಕೆಗೆ ಅಟ್ಟಿದಳು. ಆ ಮನುಷ್ಯ ಹಾಡು ನಿಲ್ಲಿಸಲಿಲ್ಲ. ಎಡಗೈ ಒಂದರಲ್ಲೇ ತಾಳ ನಡೆಸುತ್ತ, ಬಲಗೈಯಲ್ಲಿ ಒಬ್ಬಟ್ಟು ತೆಗೆದು ತಿಂದ. ಇಡೀ ಛತ್ರ ಶಿಳ್ಳೆ ಹೊಡೆಯಿತು.

ಆ ಎಡಗೈ ಈಗ ನನ್ನೆದುರಿಗೆ ಇತ್ತು. ನಾನು ಹಳೆಯ ಕೈ ಕೇಳದವಳಲ್ಲ. ಕೇಳಿದವಳು, ನೋಡಿದವಳು, ಒಬ್ಬಟ್ಟು ಕೊಟ್ಟವಳು. ಇದು ಅವರಿಗೆ ಗೊತ್ತಾದರೆ ಡೋಲಕ್ ಕೆಳಗಿಟ್ಟಂತೆಯೇ. ತಲೆ ತಗ್ಗಿಸಿ ತಂತಿ ನೋಡುತ್ತ ನುಡಿಸಿದೆ. ಕಣ್ಣು ತುಂಬಿದ್ದರಿಂದ ತಂತಿಯೂ ಕಾಣುತ್ತಿರಲಿಲ್ಲ.

ಹಾಡು ಸ್ವಲ್ಪ ಬಿರುಸಾಯಿತು. ಭಾಯ್ ಮತ್ತೆ ಗುಂಯ್ ಮಾಡಲು ಹೋದರು. ಅಂಗೈ ಚರ್ಮದ ಮೇಲೆ ಕಚ್ಚಿಕೊಂಡು ಅಲ್ಲೇ ನಿಂತಿತು, ಬೆರಳುಗಳು ಏಳಲಿಲ್ಲ. ತಾಳ ಕುಸಿಯಿತು. ಹಾರ್ಮೋನಿಯಂ ಒಂಟಿಯಾಗಿ ಎರಡು ಸ್ವರ ನಡೆದು ನಿಂತಿತು. ಪರದೆಯ ಆಚೆ ಪಾತ್ರೆಯ ಸದ್ದೂ ನಿಂತಿತು.

"ಸಾರಿ, ನಂದು ತಪ್ಪು" ಎಂದೆ.

ಭಾಯ್ ನನ್ನ ಕಡೆ ತಿರುಗಿದರು. "ಇದು ನಿಮ್ದಲ್ಲ ತಂಗಿ. ಇದು ನಂದು. ನೀವ್ಯಾಕೆ ಸಾರಿ ಅಂದ್ರಿ?" ಅವರು ನನ್ನ ಒದ್ದೆಯಾದ ಕಣ್ಣನ್ನೇ ನೋಡುತ್ತ, "ನನ್ ಡೋಲಕ್ ಮೊದ್ಲು ಎಲ್ಲಾದ್ರೂ ಕೇಳಿದ್ರಾ?" ಎಂದರು.

ಹಾರ್ಮೋನಿಯಮ್ಮಿನ ಹಿಂದಿನಿಂದ ಅಮೀನರು ಬೇಡ ಬೇಡ ಎಂದು ತಲೆಯಾಡಿಸಿದರು. ಇಲ್ಲ ಎಂದರೆ ಮುಗಿಯುತ್ತಿತ್ತು. ಗೊತ್ತಿಲ್ಲ, ನೆನಪಿಲ್ಲ, ನೋಡಿಲ್ಲ ಎಂದು ಪ್ರಮಾಣ ಮಾಡಿ ಹೇಳುವ ಸಾಕ್ಷಿಗಳ ಮಾತನ್ನು ದಿನವೂ ಟೈಪು ಮಾಡುವವಳು ನಾನು. ಆ ಮಾತು ಬಾಯಿಗೆ ಬರಬೇಕಿತ್ತು, ಬರಲಿಲ್ಲ. ಆ ಮುಖಕ್ಕೆ ಸುಳ್ಳು ಹೇಳುವುದಕ್ಕೆ ನನ್ನಿಂದ ಆಗಲಿಲ್ಲ.

"ಕೇಳಿದ್ದೀನಿ ಭಾಯ್" ಎಂದೆ. ಅಕ್ಕನ ಮದುವೆ, ಅಜ್ಜಿ, ಒಬ್ಬಟ್ಟು, ಎಲ್ಲ ಹೇಳಿದೆ. ಬ್ಯಾಂಜೊದವರು ತಲೆಯ ಮೇಲೆ ಕೈ ಹೊತ್ತರು.

ಭಾಯ್ ಡೋಲಕ್ಕನ್ನು ಪಕ್ಕಕ್ಕೆ ಸರಿಸಿದರು. "ಒಬ್ಬಟ್ಟು ನೆನಪಿಲ್ಲ" ಎಂದರು. "ಎಷ್ಟು ಮದ್ವೆ, ಎಷ್ಟು ಒಬ್ಬಟ್ಟು. ಅವತ್ತಿನ ಕೈ ನಿಮಗೆ ಚೆನ್ನಾಗಿ ಜ್ಞಾಪಕ ಇದೆಯಾ?"

"ಇದೆ."

"ಹಂಗಾದ್ರೆ ಖರೇ ಹೇಳಿ. ಇವತ್ತು ಎಷ್ಟು ಬಂತು?"

ಅಮೀನರು ಕಣ್ಣು ಮುಚ್ಚಿಕೊಂಡರು. ನನಗೆ ಸೂಪರ್ ಎನ್ನುವುದು ಬೇಡವಾಗಿತ್ತು, ಪಾಪ ಎನ್ನುವುದೂ ಬೇಡವಾಗಿತ್ತು. ಆ ಮುರಿದ ಗುಂಯ್ ಅನ್ನು ಇನ್ನೊಮ್ಮೆ ಮನಸ್ಸಿನಲ್ಲೇ ಕೇಳಿಕೊಂಡು ಹೇಳಿದೆ.

"ಅರ್ಧ."

ಭಾಯ್ ತಮ್ಮ ಎಡಗೈಯನ್ನು ಬಲಗೈಯಿಂದ ಎತ್ತಿ ಹಿಡಿದು ತಿರುವಿ ನೋಡಿದರು. "ಅರ್ಧ ಬಂತಾ?" ಎಂದರು. "ನಾನು ಕಾಲು ಅಂದ್ಕೊಂಡಿದ್ದೆ." ಆಮೇಲೆ ಪರದೆಯ ಕಡೆ ತಿರುಗಿ ಗಟ್ಟಿಯಾಗಿ ಕೂಗಿದರು: "ಅಜೀ, ಸುನೇ? ಆಧಾ ಆಯಾ ಕತೇ!" ಅರ್ಧ ಬಂದಿದೆಯಂತೆ ಕಣೇ, ಕೇಳಿಸಿಕೊಂಡೆಯಾ, ಎಂದು. ಒಳಗಿನಿಂದ ಭಾಬಿ ಮೂಗೆಳೆದುಕೊಂಡದ್ದು ಕೇಳಿಸಿತು.

ಭಾಯ್ ಡೋಲಕ್ಕನ್ನು ಎಳೆದು ತೊಡೆಯ ಮೇಲೆ ಇಟ್ಟುಕೊಂಡರು. "ಇನ್ನರ್ಧ ಬಂದಾಗ್ಲೂ ನೀವೇ ಹೇಳ್ಬೇಕು ತಂಗಿ. ಇವರನ್ನ ನಾನು ನಂಬಲ್ಲ" ಎಂದು ಅಮೀನರಿಗೆ ತಾಳ ಕೊಟ್ಟರು. ನಾನು ಹೂಂ ಎಂದೆ. ಕಣ್ಣು ಒರೆಸಿಕೊಳ್ಳಬೇಕಿತ್ತು, ಅಷ್ಟರಲ್ಲಿ ಎರಡೂ ಕೈ ಡಿ ಕಾರ್ಡಿನ ಮೇಲಿದ್ದವು.