ಬೆಚ್ಚಗಿರಲಿ ಎಂದು ಮುಚ್ಚಿದ ಕಿಂಡಿ

ನಿಮ್ಮ ಮನೆಯಲ್ಲೂ ಒಂದು ಹಳೆಯ ನೂಲಿನ ಸೀರೆ ಇದ್ದೇ ಇರುತ್ತದೆ. ಉಟ್ಟು ಒಗೆದು, ಒಗೆದು ಉಟ್ಟು ಮೆತ್ತಗಾದ ಮೇಲೆ ಅದನ್ನು ಹರಿದರೆ ಮಗುವಿಗೆ ಹಾಸುವ ಬಟ್ಟೆಯಾಗುತ್ತದೆ, ಪಾತ್ರೆ ಇಳಿಸುವ ಮಸಿಬಟ್ಟೆಯಾಗುತ್ತದೆ, ಕಿಟಕಿಯ ಸಂದಿಗೆ ತುರುಕುವ ಮುದ್ದೆಯಾಗುತ್ತದೆ. ಮೊದಲೆರಡು ಕೆಲಸದ ಬಗ್ಗೆ ನನ್ನದೇನೂ ತಕರಾರಿಲ್ಲ. ಮೂರನೆಯದರ ಮೇಲೆ ಸಿಟ್ಟಿದೆ. ಯಾಕೆಂದು ಹೇಳುತ್ತೇನೆ, ಕೂತುಕೊಳ್ಳಿ.

ಮೂರು ತಿಂಗಳು ಇದ್ದು ಬರೋಣವೆಂದು ಕೌಲಾಲಂಪುರದ ಮಗಳ ಮನೆಗೆ ಬಂದವಳು ನಾನು. ಕೊರೊನಾ ಬಂತು, ವಿಮಾನ ನಿಂತಿತು, ಮಾಂಟ್ ಕಿಯಾರಾದ ಹತ್ತೊಂಬತ್ತನೇ ಮಹಡಿಯಲ್ಲಿ ನಾನೂ ನಿಂತೆ. ಸ್ನಾನ ಮಾಡಿ ಮೈ ಒರೆಸುವಷ್ಟರಲ್ಲಿ ಮತ್ತೆ ಬೆವರು ಕಿತ್ತುಕೊಂಡು ಬರುವ ಊರು ಇದು. ಇಂಥ ಊರಲ್ಲಿ ನನ್ನ ಅಳಿಯ ಮೋಹನ, ಗಾಡಿಗೆ ಹೀಟರ್ ಹಾಕಿಸುತ್ತೇನೆ ಎಂದು ಹೊರಟ. ನಗು ಬಂತಲ್ಲ? ನಾನೂ ನಕ್ಕೆ.

ಎಲ್ಲಿಗೂ ಹೋಗಲಾಗದೆ ಕಂಪ್ಯೂಟರಿನ ಮುಂದೆಯೇ ಕೂತು ಕೂತು ತಲೆಕೆಟ್ಟ ಅವನು ಒಂದು ಪಿಕಪ್ ಗಾಡಿ ಕೊಂಡು, ಅದರ ಬೆನ್ನ ಮೇಲೆ ಬೀರುವಿನಂಥ ಒಂದು ಡಬ್ಬಿಮನೆ ಕೂರಿಸಿದ್ದ. ಒಳಗೆ ಹಾಸಿಗೆ, ಅಂಗೈಯಗಲದ ಒಂದು ಸಿಂಕು, ಗೋಡೆಯ ಬುಡದಲ್ಲಿ ಗಾಳಿಗೊಂದು ಕಿಂಡಿ. ರಾಜ್ಯದಿಂದ ರಾಜ್ಯಕ್ಕೆ ಓಡಾಡಬಹುದೆಂದು ಸರಕಾರ ಬಿಟ್ಟ ಕೂಡಲೇ ಕ್ಯಾಮರನ್ ಹೈಲ್ಯಾಂಡ್ಸಿನ ಟೀ ತೋಟಗಳಿಗೆ ಹೋಗುವುದು, ಡಬ್ಬಿಯಲ್ಲೇ ಮಲಗುವುದು ಎಂದು ತೀರ್ಮಾನವಾಯಿತು. ಅಲ್ಲಿ ಚಳಿ. ಮೊಮ್ಮಗಳು ತಾರಾ ಒಂದು ಸೀನು ಸೀನಿದರೆ ಮನೆಯವರೆಲ್ಲ ಮೂಗಿಗೆ ಕಡ್ಡಿ ಹಾಕಿಕೊಂಡು ಪರೀಕ್ಷೆ ಮಾಡಿಕೊಳ್ಳುವ ಕಾಲ. ಅದಕ್ಕೇ ಹೀಟರು, ಡೀಸೆಲ್ ಸುಟ್ಟು ಬಿಸಿಗಾಳಿ ಊದುವುದು. ಅದನ್ನು ಹಾಸಿಗೆಯ ಕೆಳಗೆ, ಮಗು ಮಲಗುವ ಜಾಗದ ನೇರಕ್ಕೆ ಕೂರಿಸಿದ.

"ಅತ್ತೆ, ಇದು ನಿಮ್ಮ ಸೌದೆ ಒಲೆ ಅಲ್ಲ," ಎಂದ. "ಬೆಂಕಿ ಈ ಡಬ್ಬದೊಳಗೆ, ಹೊಗೆ ಈ ಪೈಪಲ್ಲಿ ಗಾಡಿ ಕೆಳಗೆ ಹೋಗತ್ತೆ. ಬಿಸಿಗಾಳಿ ಮಾತ್ರ ನಮಗೆ. ಸೈನ್ಸು!"

"ಹೊಗೆಗೂ ಸೈನ್ಸ್ ಓದಿಸಿದೀರಾ ಅಳಿಯಂದಿರೇ?" ಎಂದೆ.

"ಅಜ್ಜಿ, ರಿಲ್ಯಾಕ್ಸ್ ಲಾ," ಎಂದಳು ತಾರಾ, ಮಾತಿನ ಬಾಲಕ್ಕೊಂದು 'ಲಾ' ಅಂಟಿಸುವ ಈ ಊರವರ ಹಾಗೆ. "ಡ್ಯಾಡ್ ಇಪ್ಪತ್ತು ವೀಡಿಯೋ ವಾಚ್ ಮಾಡಿದಾರೆ."

ನಾನು ಓದಿದ್ದು ಮೂರನೇ ಕ್ಲಾಸು. ಆದರೆ ಇಪ್ಪತ್ತಾರು ವರ್ಷ ಹಾಸ್ಟೆಲಿನ ಒಲೆಯ ಮುಂದೆ ಕೂತಿದ್ದೇನೆ. ಪೈಪಿನಲ್ಲಿ ಹೋಗೆಂದ ಮಾತ್ರಕ್ಕೆ ಹೊಗೆ ಪೈಪಿನಲ್ಲೇ ಹೋಗುವುದಿಲ್ಲ. ಎರಡು ತುಂಡು ಪೈಪನ್ನು ಹಾಸಿಗೆಯ ಕೆಳಗೇ ಒಂದು ಕ್ಲಾಂಪಿನಿಂದ ಜೋಡಿಸಿದ್ದ. ಬೆಸುಗೆ ಇಲ್ಲದ ಕಡೆ ಹೊಗೆ ಬಾಯಿ ಬಿಡುತ್ತದೆ ಎಂದೆ. ವಿಷಗಾಳಿ ಬಂದರೆ ಕೂಗುವ ಒಂದು ಯಂತ್ರ ಸಿಗುತ್ತದಂತೆ, ಅದಾದರೂ ಬರಲಿ ಎಂದೆ. "ಆಮೇಲೆ ತರಿಸೋಣ ಅತ್ತೆ" ಎಂದ. ನನ್ನ ಮೈ ಉರಿದದ್ದು ಇದಕ್ಕೆ. ಕೊತ್ತಂಬರಿ ಸೊಪ್ಪನ್ನೂ ಸೋಪು ನೀರಲ್ಲಿ ಮುಳುಗಿಸಿದ ಗಂಡಸು, ಲಿಫ್ಟಿನ ಗುಂಡಿಯನ್ನು ಹಲ್ಲುಕಡ್ಡಿಯಲ್ಲಿ ಒತ್ತಿದ ಗಂಡಸು, ಒಂದರ ಮೇಲೊಂದು ಮಾಸ್ಕು ಕಟ್ಟಿದ ಗಂಡಸು! ಲೋಕವೆಲ್ಲ ಉಸಿರು ಉಸಿರು ಎಂದು ಬಾಯಿ ಬಡಿದುಕೊಳ್ಳುವಾಗ, ಇವನು ಕೂಸಿನ ಬೆನ್ನ ಕೆಳಗೆ ಬೆಂಕಿ ಇಟ್ಟು ಆಮೇಲೆ ಎನ್ನುತ್ತಾನೆ.

ಒಂದು ಮಧ್ಯಾಹ್ನ, ಕಾರು ನಿಲ್ಲಿಸುವ ಕಟ್ಟಡದ ತೆರೆದ ಮಾಳಿಗೆಯ ಮೇಲೆ, ಸುಡುವ ಬಿಸಿಲಲ್ಲಿ, ಹೀಟರಿನ ಪರೀಕ್ಷೆ ನಡೆಯಿತು. ಬಾಗಿಲು ಹಾಕಿ ಒಳಗೆ ಎಷ್ಟು ಡಿಗ್ರಿ ಏರುತ್ತದೆಂದು ನೋಡಬೇಕಂತೆ. ಅದನ್ನು ಓದಿ ಹೇಳುತ್ತೇನೆಂದು ತಾರಾ ಫೋನು ಹಿಡಿದು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಬಾಗಿಲು ತಳ್ಳಿಕೊಂಡು ಹೊರಬಂದವಳ ಮುಖ ಬಾಡಿತ್ತು. "ಅಜ್ಜಿ, ಹೆಡೇಕ್. ಐ ಫೀಲ್ ಸಿಕ್," ಎಂದು ನನ್ನ ಭುಜಕ್ಕೆ ಒರಗಿದಳು.

"ಸೆಕೆಗೆ ಇರಬೇಕು," ಎಂದ ಮೋಹನ.

ಆ ತಲೆನೋವು ನನಗೆ ಗೊತ್ತು. ಹುಡುಗಿಯನ್ನು ನೆರಳಿನ ಗಾಳಿಗೆ ಕೂರಿಸಿ, ಒಳಗೆ ಕೈ ಚಾಚಿ ಕಿಂಡಿ ಮುಟ್ಟಿ ನೋಡಿದೆ. ಬಟ್ಟೆ ತುರುಕಿತ್ತು. ಎಳೆದೆ. ನೀಲಿ ಅಂಚು, ನನ್ನದೇ ಸೀರೆ.

"ಯಾರೇ ಇದನ್ನ ತುರುಕಿದ್ದು?"

"ನಾನೇ ಅಮ್ಮ," ಎಂದಳು ಮಗಳು ಸರಳಾ. "ಮಲಗಿದಾಗ ತಣ್ಣನೆ ಗಾಳಿ ಮಗು ಕಿವಿಗೆ ಬಡಿಯಲ್ವಾ?"

"ಯಾರು ಹೇಳಿಕೊಟ್ರು ಈ ಬುದ್ಧೀನ?"

ಸರಳಾ ನನ್ನನ್ನೇ ನೋಡಿದಳು. "ನೀನೇ."

ಹೌದು, ನಾನೇ. ನಮ್ಮವರಿಗೆ ಹುಲಿ ಬಂದರೂ ಅಷ್ಟು ಭಯವಿಲ್ಲ, ತಣ್ಣನೆ ಗಾಳಿ ಬಂದರೆ ಭಯ. ಸರಳಾ ಹುಟ್ಟುವುದಕ್ಕೆ ಮೂರು ವರ್ಷ ಮೊದಲು, ಮೈಸೂರಿನ ವಠಾರದ ಹಿಂದಿನ ಕೋಣೆಯಲ್ಲಿ ನಾನು ಬಾಣಂತಿ. ಮಾಗಿಯ ಚಳಿ. ಬೆಳಗಿನ ಎಣ್ಣೆನೀರಾದ ಮೇಲೆ ಅತ್ತೆ ಮಂಚದ ಕೆಳಗೆ ಅಗ್ಗಿಷ್ಟಿಕೆಯಲ್ಲಿ ನಿಗಿನಿಗಿ ಕೆಂಡ ಇಟ್ಟರು. ಕಿಟಕಿಯ ಸಂದಿಗೆ ಸೀರೆಯ ತುಂಡು ತುರುಕಿದ್ದು ನಾನು, ನನ್ನ ಈ ಕೈಯಲ್ಲಿ, ಬೆಚ್ಚಗಿರಲಿ ಎಂದು. ಮಧ್ಯಾಹ್ನ ತಲೆ ಸಿಡಿದು, ವಾಂತಿಯಾಗಿ ಎದ್ದೆ. ಹನ್ನೊಂದು ದಿನದ ಹೆಣ್ಣುಕೂಸು ಏಳಲಿಲ್ಲ. ದೃಷ್ಟಿಯಾಯಿತು ಎಂದರು, ಬಾಲಗ್ರಹ ಎಂದರು, ನನ್ನ ಕಾಲ್ಗುಣ ಎಂದವರೂ ಇದ್ದರು. ಕೆಂಡ ಎಂದವರು ಒಬ್ಬರೂ ಇಲ್ಲ. ವರ್ಷಗಳಾದ ಮೇಲೆ ಹಾಸ್ಟೆಲಿನಲ್ಲಿ ಬಾಗಿಲು ಹಾಕಿಕೊಂಡು ಇದ್ದಿಲು ಉರಿಸಿ ತಲೆ ತಿರುಗಿ ಬಿದ್ದಾಗ, ಅಲ್ಲಿನ ನರ್ಸಮ್ಮ ನನ್ನನ್ನು ಬೈದು ಬೈದು, ಮುಚ್ಚಿದ ಕೋಣೆಯಲ್ಲಿ ಕೆಂಡ ಬಿಡುವ ವಿಷಗಾಳಿಯ ವಿಷಯ ಬಿಡಿಸಿ ಹೇಳಿದಳು. ಸಿಡಿದದ್ದು ಅದೇ ತಲೆ, ಅದೇ ನೋವು. ಬೆಚ್ಚಗೆ ಮಲಗುವುದಕ್ಕೂ ಬೆಚ್ಚಿ ಏಳುವುದಕ್ಕೂ ನಡುವೆ ಇರುವುದು ಒಂದೇ ಕಿಂಡಿ ಎಂದು ಅವತ್ತು ತಿಳಿಯಿತು. ತಿಳಿದೂ ಬಾಯಿ ಬಿಡಲಿಲ್ಲ. ಮಗಳಿಗೆ ಕಿಂಡಿ ಮುಚ್ಚುವುದನ್ನು ಮಾತ್ರ ಕಲಿಸಿ, ಅದರಿಂದ ಏನಾಯಿತೆಂಬುದನ್ನು ನುಂಗಿಕೊಂಡೆ. ಅಳಿಯನ ಮೇಲಿನ ಸಿಟ್ಟಿಗಿಂತ ದೊಡ್ಡ ಸಿಟ್ಟು ಇದು, ಹಾಗೂ ಇದಕ್ಕೆ ಬೈಯಲು ನನ್ನ ಹೊರತು ಬೇರೆ ಯಾರೂ ಉಳಿದಿಲ್ಲ.

ಆದರೂ ಅಳಿಯನನ್ನು ಬಿಡಲಿಲ್ಲ. ಮದುವೆಯಾದ ದಿನದಿಂದ ನೀವು, ತಾವು ಎನ್ನುತ್ತಿದ್ದವಳು ಅವತ್ತು ಕೂಗಿದ್ದು ಹೀಗೆ: "ಮೋಹನಾ, ನಿಲ್ಲಿಸೋ ಅದನ್ನ! ಹಾಸಿಗೆ ಎತ್ತೋ!"

ಏಕವಚನ ಕೇಳಿ ಅವನು ಎತ್ತಿದ. ಕ್ಲಾಂಪಿನ ಸುತ್ತ, ಹೊಸ ಹಲಗೆಯ ಮೇಲೆ, ಕಾಡಿಗೆ ತೀಡಿದಂತೆ ಮಸಿ. ಮೂವರೂ ಅದನ್ನೇ ನೋಡುತ್ತ ನಿಂತಾಗ ನಾನು ಸರಳಾಗೆ ಅವಳ ಅಕ್ಕನ ವಿಷಯ ಹೇಳಿದೆ. ನಾಲ್ಕು ಮಾತಲ್ಲಿ ಮುಗಿಯಿತು. ಅವಳು ಅತ್ತಳು, ನಾನು ಅಳಲಿಲ್ಲ. ಮೋಹನ ಆಸ್ಪತ್ರೆಗೆ ಕಾರು ತಿರುಗಿಸಿದ. ರಕ್ತ ನೋಡಿ, ಆಮ್ಲಜನಕ ಕೊಟ್ಟು, ಸಂಜೆಗೆ ಹುಡುಗಿಯನ್ನು ಮನೆಗೆ ಬಿಟ್ಟರು.

ಆಮೇಲೆ ಬ್ರಿಕ್‌ಫೀಲ್ಡ್ಸ್ ಕಡೆಯ ತಮಿಳು ಮೆಕ್ಯಾನಿಕ್ ಸೆಲ್ವಂ ಬಂದ. ಪೈಪು ನೋಡಿ ಹಣೆ ಚಚ್ಚಿಕೊಂಡ. "ಪಾಟ್ಟಿ ಸೊನ್ನದು ಸರಿ ಸಾರ್, ಅಜ್ಜಿ ಹೇಳಿದ್ದೇ ಸರಿ. ಒಳಗೆ ಜಾಯಿಂಟೇ ಇರಬಾರದು ಲಾ," ಎಂದು ಒಂದೇ ಉದ್ದನೆಯ ಪೈಪು ಹಾಕಿ, ಅದರ ಬಾಯಿಯನ್ನು ಕಿಂಡಿಯಿಂದ ದೂರ, ಗಾಡಿಯ ಇನ್ನೊಂದು ಬದಿಗೆ ತಿರುಗಿಸಿದ. ಕೂಗುವ ಯಂತ್ರ ಬರುವ ತನಕ ಗಾಡಿಯ ಬೀಗದ ಕೈ ನನ್ನ ಸೊಂಟದಲ್ಲಿತ್ತು. ಕೇಳುವ ಧೈರ್ಯ ಯಾರಿಗೂ ಬರಲಿಲ್ಲ.

ಕ್ಯಾಮರನ್ನಿಗೆ ಹೋದಾಗ ಮಧ್ಯಾಹ್ನವೇ ಮಂಜು ಇಳಿದಿತ್ತು. ಮೋಹನ ಹೀಟರು ಹಚ್ಚುವ ಮೊದಲು ನನ್ನ ಮುಖ ನೋಡಿದ. ನಾನು ಆ ನೀಲಿ ಅಂಚಿನ ತುಂಡನ್ನು ಬೆರಳಗಲ ಸೀಳಿ ಕಿಂಡಿಯ ಸರಳಿಗೆ ಕಟ್ಟಿದೆ, ಮುಚ್ಚುವುದಕ್ಕಲ್ಲ, ಗಾಳಿ ಆಡಿದರೆ ಕಾಣಲೆಂದು. ಸರಳಾ ಅಭ್ಯಾಸಬಲದಿಂದ ಮಗಳ ಕಿವಿಗಳನ್ನೂ ಕಿಂಡಿಯನ್ನೂ ನೋಡಿ ಏನೋ ಹೇಳಹೊರಟಳು.

"ಟೋಪಿ ಹಾಕೋದಿದ್ರೆ ಕಿವಿಗೆ ಹಾಕು," ಎಂದೆ. "ಕಿಂಡಿಗೆ ಬೇಡ."

ತಾರಾ ನಕ್ಕು ಟೋಪಿ ಎಳೆದುಕೊಂಡಳು. ತುಂಡು ಬಟ್ಟೆ ಅಲ್ಲಾಡಿತು, ನಿಂತಿತು, ಮತ್ತೆ ಅಲ್ಲಾಡಿತು. ನನ್ನ ಕಿವಿಗೂ ತಣ್ಣನೆ ಗಾಳಿ ಬಡಿಯಿತು. ಬಡಿಯಲಿ. ಐವತ್ತು ವರ್ಷ ತಡವಾಗಿ ಬಂದಿದೆ.