ನೀವು ಮುಚ್ಚಿದ ನಳ, ನಾನು ತೆರೆದದ್ದು

ಉಸ್ತಾದರೇ, ಪೆಟ್ರೋಲಿನ ನಳ ತೆರೆದಿಟ್ಟವನು ನಾನು. ಅದನ್ನು ಮುಚ್ಚಲು ನೀವು ಮರೆತಿರಲಿಲ್ಲ. ಇಷ್ಟು ಬರೆಯಲು ನನಗೆ ಆರು ವರ್ಷ ಬೇಕಾಯಿತು.

ಯುದ್ಧದ ಕಾಲ. ಕುಳಗಿಯ ಕಾಡಿನಲ್ಲಿ ಮರ ಕಡಿಯುವ ಆಳುಗಳಿಗೆ, ಆನೆಗಳಿಗೆ ಹಳ್ಳದಿಂದ ನೀರೆತ್ತುವ ಸಣ್ಣ ಎಂಜಿನ್ನು ನಮ್ಮಿಬ್ಬರ ಕೈಯಲ್ಲಿತ್ತು. ನಿಲ್ಲಿಸುವಾಗ ನೀವು ಪೆಟ್ರೋಲ್ ಟಾಕಿಯ ಕೆಳಗಿನ ನಳ ಮುಚ್ಚಿ ಸಂಜೆಯ ನಮಾಜಿಗೆ ಕೈಕಾಲು ತೊಳೆಯಲು ಹಳ್ಳಕ್ಕೆ ಇಳಿಯುತ್ತಿದ್ದಿರಿ. ಒಳಗೆ ಉಳಿದಷ್ಟು ಪೆಟ್ರೋಲು ಮುಗಿದು ಎಂಜಿನ್ನು ತಾನಾಗಿ ನಿಲ್ಲುತ್ತಿತ್ತು. "ಉಂಡು ತಾನ ಮಲಗತೈತಿ, ಕುತ್ತಿಗಿ ಹಿಚುಕಬ್ಯಾಡ" ಎಂದು ನನಗೆ ಎಷ್ಟು ಸಲ ಹೇಳಿದ್ದಿರಿ!

ಮರುದಿನ ನಾನು ಮುಂಡಗೋಡಿಗೆ ಹೆಣ್ಣು ನೋಡಲು ಹೋಗುವವನಿದ್ದೆ. ಅಂಗಿ ಒಗೆಯಲು ನೀರು ಬೇಕಿತ್ತು. ಹಳ್ಳಕ್ಕೆ ಇಳಿಯಲು ಮೈಗಳ್ಳತನ. ನೀವು ಅತ್ತ ಹೋದದ್ದೇ ತಡ, ನಳವನ್ನು ಮತ್ತೆ ತೆರೆದೆ. ಪೀಪಾಯಿ ತುಂಬಿತು. ಕಿಡಿ ತಪ್ಪಿಸಲು ಪ್ಲಗ್ಗಿನ ಮೇಲಿನ ಪಟ್ಟಿ ಒತ್ತಿ ಎಂಜಿನ್ನನ್ನು ಸಾಯಿಸಿದೆ. ನಳ—

ನಳ ಮುಚ್ಚಲಿಲ್ಲ.

ಕತ್ತಲಾಗುತ್ತಿದ್ದಾಗ ಎಂಜಿನ್ನಿಗೆ ಗೋಣಿ ಹೊದಿಸಲು ನೀವು ಕಂದೀಲು ಹಿಡಿದು ಹೋದಿರಿ. ಅಷ್ಟರಲ್ಲಿ ಪೆಟ್ರೋಲು ಎಂಜಿನ್ನಿನಿಂದ ಉಕ್ಕಿ ನೆಲಕ್ಕೆಲ್ಲ ಸೋರಿತ್ತು. ಧಗ್ಗೆಂದ ಬೆಂಕಿಯೊಳಗಿಂದ ನೀವು ಹೊರಬಂದಾಗ ಎರಡೂ ಕೈ ಸುಟ್ಟಿದ್ದವು. ಆ ವಾಸನೆ ಇನ್ನೂ ನನ್ನ ಮೂಗಿನಲ್ಲಿದೆ.

ಗುತ್ತೇದಾರರು ನನ್ನನ್ನು ಕೇಳಿದರು. ಕೆಲಸ ಹೋಗುತ್ತದೆ, ಹೆಣ್ಣಿನವರು ಬಾಗಿಲಲ್ಲೇ ಬೇಡವೆನ್ನುತ್ತಾರೆ ಎಂಬ ಹೆದರಿಕೆ. ಸುಳ್ಳು ಸಲೀಸಾಗಿ ಬಂತು.

"ಎಂಜಿನ್ ತಾನ ನಿಲ್ಲಲಿಲ್ರಿ. ಪಟ್ಟಿ ಒತ್ತಿ ನಾನ ನಿಲ್ಲಿಸಿದೆ. ನಳ ಉಸ್ತಾದರು ಮುಚ್ಚಿರತಾರ ಅಂತ ತಿಳಕೊಂಡಿದ್ದೆ."

ನೀವು ನನ್ನ ಮೇಲೆ ಸಿಟ್ಟಾಗುತ್ತೀರಿ ಎಂದು ಕಾದೆ. ನೀವು ಸುಟ್ಟ ಕೈಗಳನ್ನೇ ನೋಡುತ್ತ ಕುಳಿತಿದ್ದಿರಿ.

"ಹೌದ್ರಿ, ಇವತ್ತ ಸಪ್ಪಳ ಬಾಳ ಹೊತ್ತು ಕೇಳಿಸ್ತು. ನಾನ ಮರ್ತಿರಬೇಕು."

ನಿಮ್ಮನ್ನು ಕೆಲಸದಿಂದ ಬಿಡಿಸಿ ಕಳಿಸಿದರು. ನಾನು ಆ ಹೆಣ್ಣನ್ನೇ ಮದುವೆಯಾದೆ, ನಿಮ್ಮ ಜಾಗಕ್ಕೇ ಬಡ್ತಿ ಪಡೆದೆ.

ಹೋದ ವಾರ ಹಳಿಯಾಳದ ಸಂತೆಯಲ್ಲಿ ನಿಮ್ಮ ಮನೆಯವರು, ಮಾಮಿ, ಸಿಕ್ಕಿದ್ದರು. ನೀವು ಯಂತ್ರದ ಹತ್ತಿರ ಸುಳಿಯುವುದಿಲ್ಲವಂತೆ. ಒಲೆ ಆರಿಸಿದೆಯಾ ಎಂದು ಮೂರು ಮೂರು ಸಲ ಕೇಳುತ್ತೀರಂತೆ. ಆರಿದೆ ಎಂದರೂ ನಂಬದೆ ಎದ್ದು ಹೋಗಿ ಬೂದಿ ಮುಟ್ಟಿ ನೋಡುತ್ತೀರಂತೆ. ಮಾಮಿ ಅದನ್ನು ನಗುತ್ತ ಹೇಳಿದರು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ನಿಮ್ಮ ಕೈ ಸುಟ್ಟದ್ದಷ್ಟೇ ಅಲ್ಲ, ನಿಮ್ಮ ಮೇಲೆ ನಿಮಗಿದ್ದ ನಂಬಿಕೆಯನ್ನೂ ನಾನು ಕಿತ್ತುಕೊಂಡಿದ್ದೆ.

ಶುಕ್ರವಾರ ನಿಮ್ಮ ಮನೆಗೆ ಬರುತ್ತೇನೆ. ಅದಕ್ಕೂ ಮೊದಲು ಈ ಕಾಗದವನ್ನು ಮಾಮಿಗೆ, ಮಕ್ಕಳಿಗೆ ಕೇಳುವಂತೆ ಗಟ್ಟಿಯಾಗಿ ಓದಿಸಿ. ಎಲ್ಲರಿಗೂ ತಿಳಿದಿರಲಿ. ಇಲ್ಲದಿದ್ದರೆ ನಿಮ್ಮ ಮುಖ ಕಂಡ ಕೂಡಲೇ ನಾನು ಮತ್ತೇನಾದರೂ ಸುಳ್ಳು ಹೇಳಿಬಿಟ್ಟೇನು—ನನಗೆ ನನ್ನದೇ ಭಯ.